ಅಜ್ಜಿ ಖಾಲಿ ಬಿಟ್ಟ ಮೂಲೆ

ಹೋದ ವಾರ ಹುಣಸೂರಿನ ಸಂತೆಯಲ್ಲಿ ಅವರೆಕಾಯಿ ಆರಿಸುತ್ತಾ ಕೂತಿದ್ದಾಗ ಪಕ್ಕದಿಂದ ಹಸಿ ಮಣ್ಣಿನ ವಾಸನೆ ಬಂತು. ಮಳೆ ಬಿದ್ದ ನೆಲದ ವಾಸನೆಯಲ್ಲ. ಆಳದಿಂದ ಅಗೆದು ತೆಗೆದ, ಬಿಸಿಲನ್ನೇ ಕಾಣದ ಮಣ್ಣಿನದು. ತಿರುಗಿ ನೋಡಿದೆ. ಗೋಣಿಚೀಲದ ಮೇಲೆ ಕಾಡುಗೆಣಸು ರಾಶಿ ಹಾಕಿದ್ದರು. ಉದ್ದನೆಯವು, ಮೈಮೇಲೆಲ್ಲ ಕೂದಲಿನಂಥ ಬೇರು. ಒಂದನ್ನು ಕೈಗೆತ್ತಿಕೊಂಡೆ. ಗೆಣಸಿನ ಮೇಲ್ತುದಿ, ಬಳ್ಳಿ ಅಂಟಿಕೊಂಡಿರುವ ಆ ಗಂಟು, ಹಾಗೆಯೇ ಇತ್ತು.

"ತಲೆ ಸಮೇತ ಕಿತ್ತಿದ್ದೀರಲ್ಲ," ಎಂದೆ.

"ತೂಕ ಬತ್ತದಲ್ಲಕ್ಕ," ಎಂದ ಮಾರುವವನು. "ಬ್ಯಾಡಾ ಅಂದ್ರೆ ಮನೇಗೋಗಿ ಕತ್ತರ್ಸಿ ಬಿಸಾಕಿ."

ಒಂದು ಗೆಣಸು ಕೊಂಡೆ. ಅವರೆಕಾಯಿಯನ್ನು ಅಲ್ಲೇ ಮರೆತು ಬಂದೆ.

ನಾನು ಮಿರ್ಲೆಯವಳು. ನಾಲೆ ನೀರು, ಭತ್ತ, ಕಬ್ಬು ಕಂಡು ಬೆಳೆದವಳು. ಕಾಡನ್ನು ಮೊದಲು ನೋಡಿದ್ದು ಕ್ಯಾಲೆಂಡರಿನಲ್ಲಿ. ಹನ್ನೆರಡು ವರ್ಷದ ಹಿಂದೆ ಅತಿಥಿ ಶಿಕ್ಷಕಿಯಾಗಿ ವೀರನಹೊಸಹಳ್ಳಿ ಕಡೆಯ ಒಂದು ಶಾಲೆಗೆ ಹೋದಾಗ, ಬಸ್ಸಿನ ಕಿಟಕಿಯಿಂದ ಕಂಡ ಕಾಡು ಕ್ಯಾಲೆಂಡರಿನಷ್ಟು ಹಸಿರಾಗಿಲ್ಲವಲ್ಲ ಎಂದು ಬೇಸರವಾಗಿದ್ದು ನೆನಪಿದೆ. ಚಿತ್ರಕಲೆ ನನ್ನ ವಿಷಯ. ಕನ್ನಡ ಪಾಠಕ್ಕೆ ಜನ ಇರಲಿಲ್ಲವೆಂದು ಅದನ್ನೂ ನಾನೇ ಮಾಡುತ್ತಿದ್ದೆ.

ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು ಪಕ್ಕದ ಹಾಡಿಯ, ಅಂದರೆ ಕಾಡಿನ ಜನರ ಕೇರಿಯ, ಒಬ್ಬ ಅಜ್ಜಿ. ಮಕ್ಕಳು ಅಜ್ಜಿ ಎನ್ನುತ್ತಿದ್ದರು, ಮೇಷ್ಟ್ರುಗಳು ಅಜ್ಜಿ ಎನ್ನುತ್ತಿದ್ದರು, ನಾನೂ ಅಜ್ಜಿ ಎಂದೆ. ಕುಳ್ಳಗೆ, ಗಟ್ಟಿಯಾಗಿ ಇದ್ದರು. ಸಾಂಬಾರಿಗೆ ಒಗ್ಗರಣೆ ಹಾಕಿದ ಮೇಲೆ ಅಡುಗೆಕೋಣೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡು, ನನ್ನ ಕ್ಲಾಸಿನೊಳಗೆ ಇಣುಕುತ್ತಿದ್ದರು. ಮೊದಲ ತಿಂಗಳು ನನ್ನನ್ನು ಟೀಚರಮ್ಮ ಎಂದು ಕರೆದರು. ಆಮೇಲೆ ಯಾವಾಗಲೋ ಅದು 'ಮಗಾ' ಆಯಿತು. ನನಗೆ ಅದು ಇಷ್ಟವಾಗಿತ್ತು.

ಅಜ್ಜಿ ಹುಟ್ಟಿದ ಹಾಡಿ ಕಾಡಿನೊಳಗಿತ್ತು. ಅವರು ಹುಡುಗಿಯಾಗಿದ್ದಾಗ ಅರಣ್ಯ ಇಲಾಖೆಯವರು ಅಲ್ಲಿದ್ದವರನ್ನೆಲ್ಲ ಹೊರಗೆ ತಂದು ರಸ್ತೆ ಬದಿಯಲ್ಲಿ ಜಾಗ ತೋರಿಸಿದ್ದರಂತೆ. ಆಮೇಲೆ ಹಳೆಯ ಹಾಡಿಯನ್ನು ನೋಡಬೇಕೆಂದರೂ ಕಾಡಿನ ಗೇಟಿನಲ್ಲಿ ಕೇಳಬೇಕು. ಇದನ್ನು ಅವರು ದುಃಖದಿಂದ ಹೇಳಿದ ನೆನಪಿಲ್ಲ. ಅಕ್ಕಿ ಆರಿಸುತ್ತಾ ಹೇಳಿದ್ದರು. ಕಲ್ಲು ಸಿಕ್ಕಾಗ ಮಾತು ನಿಲ್ಲಿಸಿ, ಅದನ್ನು ಎಸೆದು, ಮತ್ತೆ ಮುಂದುವರಿಸುತ್ತಿದ್ದರು.

ಆ ವರ್ಷ ಮೈಸೂರಿನ ಒಂದು ಸಂಸ್ಥೆಯವರು ಕಾಡಂಚಿನ ಶಾಲೆಗಳಿಗೆಲ್ಲ ಗೋಡೆ ಚಿತ್ರದ ಸ್ಪರ್ಧೆ ಇಟ್ಟರು. ಪರಿಸರ ಜಾಗೃತಿಗಾಗಿ. ವಿಷಯವನ್ನು ಅವರೇ ಕೊಟ್ಟಿದ್ದರು: ನೂರು ವರ್ಷದ ನಂತರ ನಮ್ಮ ಕಾಡು. ನಮ್ಮ ಶಾಲೆಯ ಕಾಂಪೌಂಡ್ ಗೋಡೆ ಕಾಡಿನ ಗೇಟಿಗೆ ಹೋಗುವ ರಸ್ತೆಗೇ ಮುಖ ಮಾಡಿತ್ತು. ಸಫಾರಿಗೆ ಹೋಗುವ ಜೀಪುಗಳೆಲ್ಲ ಅದರ ಮುಂದೆಯೇ ಹಾದುಹೋಗಬೇಕು. ನಮಗೇ ಬಹುಮಾನ ಎಂದು ಹೆಡ್‌ಮಾಸ್ಟರು ಅವತ್ತೇ ನಿರ್ಧರಿಸಿಬಿಟ್ಟರು.

ಮಕ್ಕಳಿಗೆ ಕಾಗದ ಕೊಟ್ಟು, ನೂರು ವರ್ಷದ ಮೇಲೆ ಕಾಡು ಹೇಗಿರುತ್ತದೆ ಬರೆಯಿರಿ ಎಂದೆ. ಎಲ್ಲರೂ ಒಂದೇ ಚಿತ್ರ ಬರೆದರು. ಕಡಿದ ಮರ, ಹೊಗೆ ಬಿಡುವ ಚಿಮಣಿ, ಕಣ್ಣೀರು ಹಾಕುವ ಹುಲಿ. ಅಂಥ ಚಿಮಣಿಯನ್ನು ಅವರು ಯಾರೂ ನೋಡಿರಲಿಲ್ಲ. ಹಾಗೆ ಬರೆಯುವುದನ್ನು ಕಲಿಸಿದವಳು ನಾನೇ.

ಅಜ್ಜಿ ಊಟಕ್ಕೆ ಕರೆಯಲು ಬಂದವರು ಒಂದು ಕಾಗದ ಎತ್ತಿ ನೋಡಿದರು.

"ಏನ್ಲಾ ಇದು, ಉಲಿ ಕಣ್ಣಲ್ಲಿ ನೀರು?"

"ಕಾಡು ಹೋಯ್ತಲ್ಲಜ್ಜಿ, ಅದ್ಕೇ ಅಳ್ತದೆ."

"ಉಲಿ ಅಳಾಕಿಲ್ಲ ಕಣ್ಲಾ. ಎದ್ದು ಬ್ಯಾರೆ ಕಡೀಕೆ ಓಯ್ತದೆ. ಅಳೋರು ನಾವೇಯ." ಕಾಗದವನ್ನು ಬೆಂಚಿನ ಮೇಲಿಟ್ಟರು. "ನೂರು ವರ್ಸ ಆದ್ಮ್ಯಾಕೆ ಗೇಟ್ ತಾವ ಯಾರ್ ಕುಂತಿರ್ತಾರೆ ಗೊತ್ತಾ? ಆನೆ!"

ಮಕ್ಕಳು ತಲೆ ಎತ್ತಿದರು.

"ಊ ಕಣ್ಲಾ. ಕನ್ನಡ್ಕ ಆಕ್ಕೊಂಡು, ಮುಂದ್ಗಡೆ ಬುಕ್ ಮಡೀಕೊಂಡು ಕುಂತಿರ್ತದೆ. ಜೀಪ್ ಬತ್ತದೆ. 'ಯಾವೂರು? ಎಷ್ಟ್ ಜನ? ಆರನ್ ಒಡೀತೀರಾ?' ಅಂತ ಕೇಳ್ತದೆ. ಒಡೀತೀವಿ ಅಂದ್ರೋ, ಸೊಂಡ್ಲಲ್ಲಿ ಜೀಪ್ ಎತ್ತಿ ಉಣಸೂರ್ ಕಡೀಕೆ ತಿರುಗ್ಸಿ ಮಡಗ್ತದೆ!"

"ಜಿಂಕೆ ಏನ್ಮಾಡ್ತದೆ ಅಜ್ಜಿ?"

"ಜಿಂಕೆ ಬ್ಯಾಗ್ ಚೆಕ್ ಮಾಡ್ತದೆ. ಚಿಪ್ಸ್ ಪಾಕೀಟು ಸಿಕ್ಕುದ್ರೆ, ತಿಂದೋನೇ ಆ ಪಾಕೀಟೂ ತಿನ್ಬೇಕು."

ಅವತ್ತು ಊಟ ಅರ್ಧ ಗಂಟೆ ತಡವಾಯಿತು. ಮರುದಿನದಿಂದ ಆ ಲೋಕ ಬೆಳೆಯಿತು. ಕಾಡುಕೋಳಿ ಬೆಳಗಿನ ಬಸ್ಸಿನ ಕಂಡಕ್ಟರ್ ಆಯಿತು. ಕರಡಿಗೆ ಜೇನಿನ ಸೊಸೈಟಿ ಸೆಕ್ರೆಟರಿ ಕೆಲಸ ಸಿಕ್ಕಿತು. ಎರಡು ವಾರದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಶಾಲೆಯ ಅಂಗಳದಲ್ಲಿ ದಿನಾ ಬಿದ್ದಿರುತ್ತಿದ್ದ ಚಾಕೊಲೇಟ್ ಕಾಗದ, ಚಿಪ್ಸ್ ಪಾಕೀಟು ಕಾಣಿಸುತ್ತಿರಲಿಲ್ಲ. ಒಬ್ಬ ಹುಡುಗ ಪಾಕೀಟನ್ನು ಮಡಿಸಿ ಜೇಬಿಗೆ ಹಾಕುತ್ತಾ, "ಜಿಂಕೆ ನೋಡ್ತಾ ಅದೆ ಕಣೋ," ಎಂದು ಗೆಳೆಯನಿಗೆ ಹೇಳಿದ್ದನ್ನು ನಾನೇ ಕೇಳಿದೆ. ಪ್ಲಾಸ್ಟಿಕ್ಕಿನ ಬಗ್ಗೆ ನಾನು ಮಾಡಿದ ನಾಲ್ಕು ಪಾಠ ಅಷ್ಟು ಕೆಲಸ ಮಾಡಿರಲಿಲ್ಲ.

ಗೋಡೆಯ ಮೇಲೆ ಅಜ್ಜಿಯ ಲೋಕವನ್ನೇ ಬರೆಯುವುದು ಎಂದಾಯಿತು. ಮರಗಳು, ಗೇಟು, ಕನ್ನಡಕದ ಆನೆ, ಸಾಲಾಗಿ ನಿಂತ ಜೀಪು, ಇವೆಲ್ಲ ನಾನು ಮಕ್ಕಳ ಜೊತೆ ಎನಾಮಲ್ ಬಣ್ಣದಲ್ಲಿ ಮಾಡಿದ್ದು. ನಾಲ್ಕು ದಿನ ನೋಡುತ್ತಿದ್ದ ಅಜ್ಜಿ ಐದನೆಯ ದಿನ ಹತ್ತಿರ ಬಂದರು.

"ಕಾಡು ಬರ್ದೆ, ಆನೆ ಬರ್ದೆ. ನಾವೆಲ್ಲಿದ್ದೀವಿ ಮಗಾ?"

ನೀವೇ ಬರೆಯಿರಿ ಎಂದೆ.

ಮರುದಿನ ಮನೆಯಿಂದ ಒಲೆಯ ಇದ್ದಲು, ಒಂದು ಡಬ್ಬಿಯಲ್ಲಿ ಕೆಮ್ಮಣ್ಣು, ಒಂದರಲ್ಲಿ ಸುಣ್ಣ ತಂದರು. ಹಬ್ಬಕ್ಕೆ ಮನೆ ಗೋಡೆಗೆ ಬಳಿಯುವ ಸಾಮಾನು. ನಾನು ಕೊಟ್ಟ ಬ್ರಷ್ ಮುಟ್ಟಲಿಲ್ಲ. ಬೆರಳಿನಲ್ಲೇ, ಮರಗಳ ನಡುವೆ ನಾನು ಬಿಟ್ಟಿದ್ದ ಬಿಳಿ ಜಾಗದಲ್ಲಿ, ತಮ್ಮ ಹಳೆಯ ಹಾಡಿಯನ್ನು ಬರೆದರು. ಒಂದೊಂದು ಗುಡಿಸಲು ಬರೆಯುವಾಗಲೂ ಅದು ಯಾರದೆಂದು ಹೇಳುತ್ತಿದ್ದರು. ಮಕ್ಕಳಲ್ಲಿ ಕೆಲವರು ತಮ್ಮ ಮುತ್ತಜ್ಜನ ಹೆಸರು ಕೇಳಿ ಕುಣಿದರು. ಗುಡಿಸಲುಗಳು ಏಳೋ ಎಂಟೋ... ನಾನು ಎಣಿಸಲಿಲ್ಲ. ಆ ಹೆಸರುಗಳನ್ನು ಬರೆದುಕೊಳ್ಳಲಿಲ್ಲ. ಕೈಯಲ್ಲಿ ಪೆನ್ನಿತ್ತು.

ಗೋಡೆಯ ಬಲಗಡೆಯ ಕೆಳಮೂಲೆ ಮಾತ್ರ ಹಾಗೇ ಉಳಿಯಿತು. ಚಾಪೆಯಷ್ಟು ಜಾಗ. ಅಲ್ಲಿಗೆ ಒಂದು ನವಿಲು ಹಾಕೋಣವೇ ಎಂದು ಕೇಳಿದೆ.

"ಬ್ಯಾಡ. ಅದು ತಲೆ," ಎಂದರು.

ಯಾವ ತಲೆ ಎಂದು ನಾನು ಕೇಳಬೇಕಾಗಿರಲಿಲ್ಲ. ಹದಿನೈದು ದಿನದ ಹಿಂದಷ್ಟೇ, ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಅಜ್ಜಿ ನನ್ನನ್ನೂ ನಾಲ್ಕೈದು ಮಕ್ಕಳನ್ನೂ ಬೇಲಿ ಪಕ್ಕಕ್ಕೆ ಕರೆದುಕೊಂಡು ಹೋಗಿ ಕಾಡುಗೆಣಸು ಅಗೆಯುವುದನ್ನು ತೋರಿಸಿದ್ದರು. ಒಣಗಿದ ಬಳ್ಳಿಯ ಜಾಡು ಹಿಡಿದು, ಕೋಲಿನಿಂದ ಮಣ್ಣು ಬಗೆದು, ತೋಳುದ್ದದ ಗುಂಡಿಯಿಂದ ಗೆಣಸು ತೆಗೆದರು. ಬಳ್ಳಿ ಅಂಟಿದ ಮೇಲ್ತುದಿಯನ್ನು ಮುರಿದು, ಅದನ್ನು ಮತ್ತೆ ಗುಂಡಿಯಲ್ಲಿಟ್ಟು, ಮಣ್ಣು ಎಳೆದು, ಪಾದದಿಂದ ಮೆತ್ತಗೆ ಒತ್ತಿದರು.

"ಅದನ್ಯಾಕೆ ಬಿಟ್ರಿ ಅಜ್ಜಿ?" ಎಂದು ಕೇಳಿದ್ದೆ.

"ತಲೆ ಮಡಗ್ಬೇಕು. ನಾವೇ ಕಡೇ ಜನಾನಾ? ನಮ್ಮಿಂದೆ ಯಾರೂ ಬರಾಕಿಲ್ವಾ?"

ಹಾಗಾಗಿ ಆ ಮೂಲೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ತೀರ್ಪುಗಾರರು ಬರುವ ಮೂರು ದಿನ ಮೊದಲು, ಒಂದು ಶುಕ್ರವಾರ, ಸಂಸ್ಥೆಯಿಂದ ಒಬ್ಬರು ನೋಡಿಕೊಂಡು ಹೋಗಲು ಬಂದರು. ಆನೆಯ ಮುಂದೆ ನಿಂತು ಜೋರಾಗಿ ನಕ್ಕರು. ಫೋಟೊ ತೆಗೆಸಿಕೊಂಡರು. ಆಮೇಲೆ ಗುಡಿಸಲುಗಳನ್ನು ನೋಡಿದರು.

"ಇದೊಂದು ಸ್ವಲ್ಪ ಯೋಚನೆ ಮಾಡಿ ಮೇಡಂ. ಕಾಡೊಳಗೆ ಮನೆ ತೋರ್ಸಿದ್ರೆ ರಾಂಗ್ ಮೆಸೇಜ್ ಹೋಗುತ್ತೆ. ಅದೂ ಅಲ್ದೆ ಗೆರೆ ನೋಡಿ, ಸೊಟ್ಟಸೊಟ್ಟ. ನಿಮ್ ಕೈ ಎಷ್ಟು ಚೆನ್ನಾಗಿದೆ!"

ಹೆಡ್‌ಮಾಸ್ಟರು ಮೂಲೆ ತೋರಿಸಿದರು. "ಬಣ್ಣ ಸಾಲ್ದೇ ಹೋಯ್ತಾ ಮೇಡಂ? ಅಲ್ಲಿ ಶಾಲೆ ಹೆಸ್ರೋ ನಿಮ್ ಹೆಸ್ರೋ ಏನಾದ್ರೂ ಹಾಕ್ಬಿಡಿ. ನೋಡ್ದೋರು ಅರ್ಧ ಕೆಲ್ಸ ಅಂದ್ಕೋತಾರೆ."

ಅಷ್ಟೇ. ಅಳಿಸಿ ಎಂದು ಇಬ್ಬರೂ ಹೇಳಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಹೋದೆ. ಶಾಲೆಯಲ್ಲಿ ಯಾರೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಕೆಮ್ಮಣ್ಣು, ಇದ್ದಲು ಒರೆಸಿದೆ, ಸುಲಭವಾಗಿ ಬಂತು. ಅದರ ಮೇಲೆ ಹಸಿರು ಬಳಿದು ಮರ ಬರೆದೆ. ಮೊದಲ ಕೋಟಿನಲ್ಲಿ ಕೆಂಪು ಸ್ವಲ್ಪ ಇಣುಕುತ್ತಿತ್ತು. ಒಣಗುವ ತನಕ ಕಾದು ಇನ್ನೊಂದು ಕೋಟ್ ಹೊಡೆದೆ. ಆಮೇಲೆ ಮೂಲೆಗೆ ಬಂದು, ಹಳದಿ ಬಣ್ಣದಲ್ಲಿ 'ಕಲ್ಪನೆ ಮತ್ತು ಚಿತ್ರ' ಎಂದು ಬರೆದು, ಕೆಳಗೆ ನನ್ನ ಹೆಸರು ಬರೆದೆ. ಅದಕ್ಕೂ ಎರಡು ಕೋಟ್.

ಕೆಲಸ ಹೋಗುವ ಭಯದಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅತಿಥಿ ಶಿಕ್ಷಕಿಯನ್ನು ಮುಂದಿನ ವರ್ಷ ಕರೆಯುವುದೂ ಬಿಡುವುದೂ ಹೆಡ್‌ಮಾಸ್ಟರ ಕೈಯಲ್ಲಿತ್ತು, ನಿಜ. ಆದರೆ ಅದು ಪೂರ್ತಿ ನಿಜವಲ್ಲ. ಆ ಗುಡಿಸಲುಗಳು ನನ್ನ ಒಳ್ಳೆಯ ಕಾಡನ್ನು ಕೆಡಿಸುತ್ತಿವೆ ಎಂದು ಆ ಮನುಷ್ಯ ಹೇಳುವ ಮೊದಲೇ ನನಗೆ ಅನ್ನಿಸಿತ್ತು. ಅವರು ಹೇಳಿದಾಗ ಒಳಗೊಳಗೇ ಹಗುರಾಗಿತ್ತು.

ಸೋಮವಾರ ಅಜ್ಜಿ ತಲೆಯ ಮೇಲೆ ತರಕಾರಿ ಚೀಲ ಹೊತ್ತು ಬಂದರು. ಜೊತೆಗೆ ನಾಲ್ಕನೇ ಕ್ಲಾಸಿನ ಮೊಮ್ಮಗಳು. ನಾನು ಗೋಡೆಯ ಹತ್ತಿರವೇ ನಿಂತಿದ್ದೆ. ಅಜ್ಜಿ ಚೀಲ ಇಳಿಸಲಿಲ್ಲ. ತಮ್ಮ ಹಾಡಿ ಇದ್ದ ಕಡೆ ಸ್ವಲ್ಪ ಹೊತ್ತು ನೋಡಿದರು. ಕೈ ಚಾಚಿ ಹಸಿರನ್ನು ಮುಟ್ಟಿದರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಅಂಟಿತು. ಸೆರಗಿಗೆ ಒರೆಸಿಕೊಂಡು ಮೂಲೆಯ ಕಡೆ ತಿರುಗಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಅಲ್ಲೇನೋ ಬರ್ದದಲ್ಲ, ಏನು?"

"ಶಾಲೆ ಹೆಸ್ರು ಅಜ್ಜಿ," ಎಂದೆ.

ಮೊಮ್ಮಗಳು ಮುಂದೆ ಬಂದು, ನಾನು ಕಲಿಸಿದ ಹಾಗೆಯೇ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ಕಲ್ಪನೆ. ಮತ್ತು. ಚಿತ್ರ. ಆಮೇಲೆ ನನ್ನ ಹೆಸರು. ಓದಿ ಮುಗಿಸಿ, ತಪ್ಪಿಲ್ಲದೆ ಓದಿದ ಸಂತೋಷಕ್ಕೆ ಹಿಗ್ಗಿ, "ಶಾಲೆ ಹೆಸ್ರಲ್ಲ ಟೀಚರ್, ನಿಮ್ಮೆಸ್ರು!" ಎಂದಳು.

ಅಜ್ಜಿ ನನ್ನ ಮುಖ ನೋಡಿದರು. ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ತಲೇನೂ ತಕ್ಕಂಬುಟ್ರಾ ಮೇಡಂ," ಎಂದರು.

ಮಧ್ಯಾಹ್ನ ತೀರ್ಪುಗಾರರು ಬಂದರು. ಶೀಲ್ಡು ನಮಗೇ ಬಂತು. ಹುಣಸೂರಿನಲ್ಲಿ ನಡೆದ ಸಮಾರಂಭದಲ್ಲಿ ಒಬ್ಬರು ಮೈಕಿನಲ್ಲಿ, ಗೇಟು ಕಾಯುವ ಆನೆ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಮಕ್ಕಳ ಜೊತೆ ಮಾತಾಡುತ್ತಾ ಹೊಳೆಯಿತು ಎಂದೆ. ಚಪ್ಪಾಳೆ ಹೊಡೆದರು.

ಆಮೇಲೆ ಅಜ್ಜಿ ನನ್ನನ್ನು ಮತ್ತೆ 'ಮಗಾ' ಎನ್ನಲಿಲ್ಲ. ಟೀಚರಮ್ಮ ಎಂದೂ ಅನ್ನಲಿಲ್ಲ. ಮೇಡಂ. ದಿನಾ ನನ್ನ ತಟ್ಟೆಗೆ ಮೊದಲಿನಷ್ಟೇ ಅನ್ನ, ಮೊದಲಿನಷ್ಟೇ ಸಾಂಬಾರು ಬಡಿಸಿದರು. ಊಟ ಬಡಿಸುವಾಗ ಮಕ್ಕಳು, "ಆನೆ ಕತೆ ಯೋಳಜ್ಜಿ," ಎಂದು ಗೋಗರೆದರೆ, ಸೌಟು ನಿಲ್ಲಿಸದೆ, "ಮೇಡಂನೋರ್ನ ಕೇಳ್ರಪ್ಪ. ಅದು ಅವ್ರ ಕತೆ," ಎನ್ನುತ್ತಿದ್ದರು.

ಮಕ್ಕಳು ನನ್ನ ಹತ್ತಿರ ಬಂದರು. ಹೇಳಲು ನೋಡಿದೆ. ಆನೆ ಗೇಟಿನಲ್ಲಿ ಕೂತಿರುತ್ತದೆ, ಹೆಸರು ಬರೆದುಕೊಳ್ಳುತ್ತದೆ... ಅದರ ಮುಂದಕ್ಕೆ ನನಗೆ ಏನೂ ಬರಲಿಲ್ಲ. ಮಕ್ಕಳು ಮರ್ಯಾದೆಗೆ ಕೂತು ಕೇಳಿ ಎದ್ದು ಹೋದರು. ಆ ವರ್ಷ ಮುಗಿಯುವುದರೊಳಗೆ ಅಂಗಳದಲ್ಲಿ ಮತ್ತೆ ಪಾಕೀಟು ಬೀಳತೊಡಗಿದವು. ಸಂಜೆ ಎಲ್ಲರೂ ಹೋದ ಮೇಲೆ ನಾನು ಅವನ್ನು ಹೆಕ್ಕುತ್ತಿದ್ದೆ. ಅಜ್ಜಿ ಅದನ್ನೂ ನೋಡಿದರು.

ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಡುಗೆಕೋಣೆಯ ಬಾಗಿಲ ತನಕ ಹೋದೆ. ಹೋಗಿ, ನೀರು ಬೇಕಿತ್ತು ಎಂದೆ. ಅವರು ಕೊಟ್ಟರು. ಮರುವರ್ಷ ಪಿರಿಯಾಪಟ್ಟಣದ ಕಡೆ ಕೆಲಸ ಸಿಕ್ಕಿತು, ಹೋದೆ. ಕೆಲವು ವರ್ಷದ ಮೇಲೆ ಯಾವುದೋ ಸರ್ಟಿಫಿಕೇಟಿಗಾಗಿ ಹೆಡ್‌ಮಾಸ್ಟರಿಗೆ ಫೋನ್ ಮಾಡಿದಾಗ, ಮಾತಿನ ನಡುವೆ, "ನಮ್ಮ ಅಡುಗೆ ಅಜ್ಜಿ ಹೋಗ್ಬಿಟ್ರಲ್ಲ ಮೇಡಂ, ಎರಡು ವರ್ಷ ಆಯ್ತು," ಎಂದರು. ಹೌದಾ ಎಂದೆ. ಸರ್ಟಿಫಿಕೇಟಿನ ಮಾತು ಮುಂದುವರಿಸಿದೆ.

ಸಂತೆಯಿಂದ ಬಂದ ಮರುದಿನ ಆ ಶಾಲೆಗೆ ಹೋದೆ. ಚೀಲದಲ್ಲಿ ಗೆಣಸಿತ್ತು. ಯಾಕೆ ಒಯ್ದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ನನಗೆ ಒಂದೇ ಆಸೆ ಇತ್ತು: ಇಷ್ಟು ವರ್ಷದ ಮಳೆಗೂ ಬಿಸಿಲಿಗೂ ಆ ಬಣ್ಣ ಉದುರಿಹೋಗಿರಲಿ. ಗೋಡೆ ಬೋಳಾಗಿರಲಿ.

ಗೋಡೆ ಹಾಗೇ ಇತ್ತು. ಆನೆಯ ಕನ್ನಡಕ ಮಾಸಿತ್ತು. ಜೀಪುಗಳ ಬಣ್ಣ ಅಲ್ಲಲ್ಲಿ ಎದ್ದಿತ್ತು. ಆದರೆ ಹಾಡಿಯ ಮೇಲೆ ನಾನು ಬಳಿದ ಹಸಿರು ಹೊಳೆಯುತ್ತಿತ್ತು. ಗುಡಿಸಲುಗಳು ಸರಿಯಾಗಿ ಎಲ್ಲಿದ್ದವೆಂದು ಹುಡುಕಿದೆ. ಯಾವ ಮರದ ಹಿಂದೆ ಯಾವುದು... ತಿಳಿಯಲಿಲ್ಲ. ಮೂಲೆಯಲ್ಲಿ ನನ್ನ ಹೆಸರು ಒಂದು ಅಕ್ಷರವೂ ಮುಕ್ಕಾಗದೆ ಕೂತಿತ್ತು. ಮನೆಯ ಬೀಗದ ಕೈ ತೆಗೆದು ಅದನ್ನು ಕೆರೆಯತೊಡಗಿದೆ.

"ಗೋಡೆ ಮ್ಯಾಲೆ ಗೀಚ್ಬಾರ್ದು ಮೇಡಂ. ಆನೆ ಎಸ್ರು ಬರ್ಕತದೆ."

ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಯೂನಿಫಾರ್ಮಿನಲ್ಲಿ, ಕೈಯಲ್ಲಿ ತಟ್ಟೆ. ಐದನೇ ಕ್ಲಾಸಿರಬಹುದು. ಕೈ ನಿಲ್ಲಿಸಿದೆ.

"ಆನೆ ಕಥೆ ನಿನಗೆ ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತು. ನಮ್ಮಕ್ಕ ಯೋಳ್ತಾಳೆ. ಜಿಂಕೆ ಬ್ಯಾಗ್ ಚೆಕ್ ಮಾಡ್ತದೆ."

ಕಥೆ ಉಳಿದಿತ್ತು. ನನಗೆ ಕಾಣದ ಎಲ್ಲೋ ಒಂದು ಕಡೆ, ಅಜ್ಜಿ ಮನೆಯಲ್ಲಿ, ಹಾಡಿಯಲ್ಲಿ ಅದನ್ನು ಹೇಳುತ್ತಲೇ ಇದ್ದರು. ಶಾಲೆಯಲ್ಲಿ ಮಾತ್ರ ನಿಲ್ಲಿಸಿದ್ದರು.

"ಅದು ಯಾರ ಕಥೆ ಗೊತ್ತಾ?" ಎಂದೆ.

ಅವಳು ನಾನು ಕೆರೆಯುತ್ತಿದ್ದ ಮೂಲೆಯನ್ನೇ ತೋರಿಸಿದಳು. "ಅಲ್ಲೇ ಬರ್ದದಲ್ಲ. ಇವ್ರದು."

"ಇವರದಲ್ಲ," ಎಂದೆ. ಈ ಮಾತನ್ನು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು. "ಇಲ್ಲಿ ಮೊದಲು ಒಬ್ಬರು ಅಜ್ಜಿ ಅಡುಗೆ ಮಾಡ್ತಿದ್ರು. ಅವರ ಕಥೆ ಇದು. ಈ ಮರ ಇರೋ ಕಡೆ ಅವರ ಹಾಡಿ ಇತ್ತು. ಅವರೇ ಬರೆದಿದ್ರು. ಈ ಹೆಸರಿನವರು ಅದನ್ನ ಅಳಿಸಿದ್ರು."

ಹುಡುಗಿ ಮರವನ್ನು ನೋಡಿದಳು, ಮೂಲೆಯನ್ನು ನೋಡಿದಳು. ಆಮೇಲೆ ಯಾವ ಮಗುವಾದರೂ ಕೇಳುವುದನ್ನೇ ಕೇಳಿದಳು.

"ಆ ಅಜ್ಜಿ ಎಸ್ರೇನು?"

ಬಾಯಿ ತೆರೆದೆ.

ಒಂದು ವರ್ಷ ಅವರ ಕೈಯಲ್ಲಿ ಉಂಡಿದ್ದೆ. ಸ್ಟಾಫ್ ರೂಮಿನ ಮೇಜಿನ ಮೇಲಿರುತ್ತಿದ್ದ ಅಡುಗೆಯವರ ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತು. ಹೆಸರಿನ ಮುಂದೆ ಅವರ ಹೆಬ್ಬೆಟ್ಟಿನ ಗುರುತು ಇತ್ತು. ನೋಡಿರಲೇಬೇಕು. ಅಜ್ಜಿ, ಅಜ್ಜಿ ಎಂದು ಕರೆದಿದ್ದೇ ಕರೆದದ್ದು... ಒಂದು ಸಲವೂ ಹೆಸರು ಕೇಳಿರಲಿಲ್ಲ.

ಊಟದ ಬೆಲ್ಲು ಹೊಡೆಯಿತು. ಹುಡುಗಿ ಹೋಗಲಿಲ್ಲ. ತಟ್ಟೆಯನ್ನು ಎದೆಗೊತ್ತಿಕೊಂಡು, ನಾನು ಹೇಳುತ್ತೇನೆಂದು ಕಾಯುತ್ತಾ ನಿಂತಿದ್ದಳು. ಚೀಲದಿಂದ ಮಣ್ಣಿನ ವಾಸನೆ ಬರುತ್ತಿತ್ತು. ಗೋಡೆಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರದ ಮೇಲೆ ಬೀಗದ ಕೈಯ ಒಂದು ಸಣ್ಣ ಗೀರು ಬಿದ್ದಿತ್ತು. ಒಳಗಡೆಯೂ ಹಳದಿಯೇ ಕಾಣುತ್ತಿತ್ತು. ಎರಡು ಕೋಟ್ ಹೊಡೆದಿದ್ದೆ.